ಯಾವೂರ ಶರಣಬಸಪ್ಪ?

ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವುದು ನಮ್ಮ ಕಡೆಯ ಪದ್ಧತಿಯಲ್ಲ. ಹಿರೋಳ್ಳಿಯಲ್ಲಿ ಹೊಸಬನೊಬ್ಬ ಕಟ್ಟೆಯ ಮುಂದೆ ಹಾದುಹೋದರೆ ಸಾಕು, ಅವನು ಬಾಯಿ ತೆರೆಯುವ ಮೊದಲೇ ಕಟ್ಟೆಯ ಮೇಲಿನ ಹಿರಿಯರು "ಯಾವೂರಪಾ ನಿಂದು? ಯಾರ ಪೈಕಿ?" ಎಂದು ಕೇಳಿಯೇ ಕೇಳುತ್ತಾರೆ. ಊರು ಹೇಳಿದರೆ ಅರ್ಧ ಪರಿಚಯ ಆಯಿತು. ಆ ಊರಿನಲ್ಲಿ ಕೊಟ್ಟವರು ಯಾರು, ಅಲ್ಲಿಂದ ತಂದವರು ಯಾರು ಎಂಬ ಲೆಕ್ಕ ಹತ್ತುವಷ್ಟರಲ್ಲಿ ಬಂದವನು ಯಾರಿಗಾದರೂ ಅಳಿಯನೋ ಬೀಗನೋ ಆಗಿಬಿಟ್ಟಿರುತ್ತಾನೆ. ಹೆಸರು ಕೇಳುವುದು ಕಡೆಗೆ, ಚಹಾ ಬಂದ ಮೇಲೆ. ಎಷ್ಟೋ ಸಲ ಕೇಳುವುದೇ ಇಲ್ಲ.

ಇಂಥ ಊರಿನಲ್ಲಿ ಬೆಳೆದ ನಾನು 2023ರ ಮಳೆಗಾಲದಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ನಲವತ್ತು ಮಂದಿಯ ಎದುರು ಎದ್ದುನಿಂತು ನನ್ನ ಪರಿಚಯವನ್ನು ನಾನೇ ಮಾಡಿಕೊಳ್ಳಬೇಕಾಗಿ ಬಂತು. ಸ್ಥಳ ಕಡಗಂಚಿ, ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಗಣಕ ವಿಜ್ಞಾನದ ಸ್ನಾತಕೋತ್ತರ ತರಗತಿಯ ಮೊದಲನೆಯ ದಿನ. ಅದರಲ್ಲೇನು ಮಹಾ, ಎಂದು ವಾಚಕರು ನಗಬಹುದು. ಅಂದು ನಾನು ಆಡಿದ್ದು ನಾಲ್ಕೇ ವಾಕ್ಯ. ಅವುಗಳಲ್ಲಿ ಒಂದು ಸುಳ್ಳಾಗಿತ್ತು.

ಮೊದಲು ನನ್ನ ಫಜೀತಿ ಎಂಥದೆಂದು ತಿಳಿಸುತ್ತೇನೆ. ಕಡಗಂಚಿ ನಮ್ಮ ಆಳಂದ ತಾಲ್ಲೂಕಿನದೇ ಊರು. ಕಲಬುರಗಿಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ ಊರು. 2009ರಲ್ಲಿ ವಿಶ್ವವಿದ್ಯಾಲಯವಾಗಿ, ಮುಂದೆ ಇಲ್ಲಿ ಆರುನೂರು ಎಕರೆಗೂ ಮಿಕ್ಕ ನೆಲದ ಮೇಲೆ ಕಟ್ಟಡಗಳು ಎದ್ದವು. 2022ರಿಂದ ಸ್ನಾತಕೋತ್ತರ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಬಂದಿತು. ಅಲ್ಲಿಂದ ಮುಂದೆ ತರಗತಿಯೆಂದರೆ ಜಂಕ್ಷನ್ನಿನ ರೈಲ್ವೆ ಪ್ಲಾಟ್‌ಫಾರ್ಮೇ ಸರಿ. ಕೊಲ್ಲಂನಿಂದ ಬಂದವನಿದ್ದ, ದರ್ಭಂಗಾದಿಂದ ಬಂದವನಿದ್ದ, ಕಟಕದವಳಿದ್ದಳು, ವರಂಗಲ್ಲಿನವರು ಇಬ್ಬರಿದ್ದರು. ಅವರೆಲ್ಲ ದೂರದಿಂದ ರೈಲಿನಲ್ಲಿ ಕುಳಿತು ಬಂದವರು. ನಾನೊಬ್ಬ ಬೆಳಗಿನ ರೊಟ್ಟಿ ತಿಂದು ಮನೆಯಿಂದ ಹೊರಟು, ಆಳಂದದಲ್ಲಿ ಬಸ್ಸು ಬದಲಾಯಿಸಿ, ಬಿಸಿಲೇರುವ ಮೊದಲೇ ಬಂದಿಳಿದವನು. ಹತ್ತಿರದವನಿಗೆ ಪರಿಚಯ ಸುಲಭವೆಂದು ನೀವು ತಿಳಿದಿದ್ದರೆ ಅದು ತಪ್ಪು. ದೂರದಿಂದ ಬಂದವನಿಗೆ ದೂರವೇ ಒಂದು ಬಿರುದು. ಹತ್ತಿರದವನಿಗೆ ಅದೂ ಇಲ್ಲ.

ಹಿಂದಿನ ರಾತ್ರಿ ನಾನು ಇಂಗ್ಲಿಷಿನಲ್ಲಿ ಪರಿಚಯದ ಮಾತನ್ನು ಬರೆದು ಬಾಯಿಪಾಠ ಮಾಡಿದ್ದೆ. ಹೈಸ್ಕೂಲಿನಿಂದ ನಾಲಿಗೆಗೆ ಅಂಟಿದ್ದ "ಮೈಸೆಲ್ಫ್ ಶರಣಬಸಪ್ಪ" ಎಂಬುದು ತಪ್ಪು ಪ್ರಯೋಗವೆಂದು ಯಾರೋ ಹೇಳಿದ್ದರಿಂದ ಅದನ್ನು ಹೊಡೆದುಹಾಕಿ "ಐ ಆಮ್" ಎಂದು ತಿದ್ದಿಕೊಂಡಿದ್ದೆ. ಎರಡನೆಯ ವಾಕ್ಯದಲ್ಲಿ ಊರಿತ್ತು. ಹಿರೋಳ್ಳಿ ಎಂದೇ ಬರೆದಿದ್ದೆ. ಅದಕ್ಕೆ ಆ ಚೀಟಿಯೇ ಸಾಕ್ಷಿ. ಈಗಲೂ ನನ್ನ ನೋಟುಪುಸ್ತಕದಲ್ಲಿದೆ.

ಸರದಿ ಮುಂದಿನ ಸಾಲಿನಿಂದ ಬಂತು. ಹೆಸರು, ಊರು, ಓದಿದ ಕಾಲೇಜು, ಹವ್ಯಾಸ, ಗಣಕ ವಿಜ್ಞಾನವನ್ನೇ ಆರಿಸಿದ್ದು ಏಕೆ. ಕೆಲವರು ಕೃತಕ ಬುದ್ಧಿಮತ್ತೆಯಲ್ಲಿ ಸಂಶೋಧನೆ ಮಾಡುವೆವೆಂದರು, ಕೆಲವರು ನೌಕರಿಗೆಂದು ನಿಜ ಹೇಳಿದರು. ನನಗಿಂತ ನಾಲ್ಕು ಜನ ಮುಂಚೆ ಎದ್ದವನು ಗೆಲುವಿನ ಹುಡುಗ. ತನ್ನ ಮಾತಿನ ಕೊನೆಗೆ, ತಾನು ಬರುವ ಮುಂಚೆ ಮೊಬೈಲಿನಲ್ಲಿ ಈ ಕಡೆಯ ನಕ್ಷೆಯನ್ನು ತೆರೆದು ನೋಡಿದೆನೆಂದೂ, ಕ್ಯಾಂಪಸ್ಸಿನಿಂದ ಆಚೆಗೆ, ಪಶ್ಚಿಮದಲ್ಲಿ, ಮಹಾರಾಷ್ಟ್ರದ ತನಕ ಏನೇನೂ ಇಲ್ಲವೆಂದೂ ಹೇಳಿದ. ಎಲ್ಲರೂ ನಕ್ಕರು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ನಾನೂ ನಕ್ಕೆ. ಅವನ ಆ 'ಏನೇನೂ ಇಲ್ಲ'ದಲ್ಲಿ ನಮ್ಮ ಮನೆ ಇತ್ತು, ನಮ್ಮ ಎರಡು ಎತ್ತು ಇದ್ದವು, ತೊಗರಿ ಹೊಲವಿತ್ತು, ಅಂಗಳದಲ್ಲಿ ನಮ್ಮವ್ವ ಇದ್ದಳು.

ನನ್ನ ಸರದಿ ಬಂತು. ಎದ್ದೆ. "ಐ ಆಮ್ ಶರಣಬಸಪ್ಪ," ಎಂದೆ. "ಫ್ರಂ ಕಲಬುರಗಿ ಸಿಟಿ," ಎಂದೆ.

ಬಾಯಿಪಾಠದಲ್ಲಿ ಇಲ್ಲದ ಆ 'ಸಿಟಿ' ಎಲ್ಲಿಂದ ಬಂತೋ ನಾನರಿಯೆ. ಕಲಬುರಗಿಯಲ್ಲಿ ಬಿ.ಎಸ್‌ಸಿ. ಓದುತ್ತ ಮೂರು ವರ್ಷ ಬಾಡಿಗೆಯ ಕೋಣೆಯಲ್ಲಿದ್ದೆನಾದ್ದರಿಂದ ಅದು ಪೂರಾ ಸುಳ್ಳಲ್ಲವೆಂದು ಕುಳಿತ ಮೇಲೆ ಸಮಾಧಾನ ಹೇಳಿಕೊಂಡೆ. ಸ್ಥಳೀಯನೆಂಬ ಪ್ರಮಾಣಪತ್ರಕ್ಕಾಗಿ ಕಚೇರಿ ಕಚೇರಿ ಅಲೆದಾಗ ಪ್ರತಿ ಅರ್ಜಿಯ ಮೇಲೂ ಹಿರೋಳ್ಳಿ, ಹಿರೋಳ್ಳಿ ಎಂದು ಹತ್ತು ಸಲ ಬರೆದಿದ್ದ ಕೈ ನನ್ನದೇ. ಸವಲತ್ತಿಗೆ ಹಿರೋಳ್ಳಿ, ಸಭೆಗೆ ಕಲಬುರಗಿ!

ನನ್ನ ಹಿಂದಿನ ಬೆಂಚಿನಿಂದ ಎದ್ದವನು "ನಾನೂ ಶರಣಬಸಪ್ಪ, ಜೇವರ್ಗಿ" ಎಂದಾಗ ಮತ್ತೊಮ್ಮೆ ನಗು. ನಮ್ಮ ಜಿಲ್ಲೆಯನ್ನು ಬಲ್ಲವರಿಗೆ ಇದರಲ್ಲಿ ಸೋಜಿಗವಿಲ್ಲ. ಕಲಬುರಗಿಯ ಶರಣಬಸವೇಶ್ವರರ ಹೆಸರನ್ನು ಮನೆಗೊಬ್ಬ ಗಂಡುಮಗನಿಗೆ ಇಡುವ ನಾಡು ಇದು. ಹಾಜರಿ ಕರೆಯುವ ಅನುಕೂಲಕ್ಕಾಗಿ ಅಧ್ಯಾಪಕರು ನಮ್ಮನ್ನು ಶರಣಬಸಪ್ಪ ಒಂದು, ಶರಣಬಸಪ್ಪ ಎರಡು ಎಂದು ಮಾಡಿದರು. ನಾನು ಎರಡು. ಜೇವರ್ಗಿಯವನು ಬಿಡುವಿನಲ್ಲಿ ಬಳಿಗೆ ಬಂದು ಕನ್ನಡದಲ್ಲಿ, "ಕಲಬುರ್ಗ್ಯಾಗ ಎಲ್ಲಿ ಮನಿ?" ಎಂದು ಕೇಳಿದ. "ಸೂಪರ್ ಮಾರ್ಕೆಟ್ ಹತ್ರ" ಎಂದೆ. ಸುಳ್ಳಿಗೆ ಊರು ಕೊಟ್ಟರೆ ಅದು ಓಣಿ ಕೇಳುತ್ತದೆ. ಓಣಿ ಕೊಟ್ಟರೆ ಮನೆ ಕೇಳುತ್ತದೆ.

ಅದೇ ದಿನ ಮಧ್ಯಾಹ್ನದ ಪಾಠವೊಂದು ಇನ್ನೂ ಕಿವಿಯಲ್ಲಿದೆ. ಗಣಕಯಂತ್ರಕ್ಕೆ ಕೆಲಸವನ್ನು ಹಂತಹಂತವಾಗಿ ಹೇಳಿಕೊಡುವ ಕ್ರಮಕ್ಕೆ 'ಅಲ್ಗಾರಿದಮ್' ಎನ್ನುತ್ತಾರಷ್ಟೆ. ಆ ಶಬ್ದ ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿ. ನಮ್ಮ ದೇಶದ ಅಂಕೆಗಳಿಂದ ಲೆಕ್ಕ ಮಾಡುವ ರೀತಿಯನ್ನು ಕುರಿತು ಅವನು ಬರೆದದ್ದು ಮುಂದೆ ಲ್ಯಾಟಿನ್ನಿಗೆ ಹೋಗಿ, ಅವನ ಹೆಸರು ಅಲ್ಲಿನವರ ಬಾಯಲ್ಲಿ ತಿರುಚಿ ಹೀಗಾಯಿತು. ಇಷ್ಟು ಹೇಳಿ ಅಧ್ಯಾಪಕರು ಒಂದು ಮಾತು ಸೇರಿಸಿದರು: ಖ್ವಾರಿಜ್ಮಿ ಎಂಬುದು ನಿಜವಾಗಿ ಅವನ ಹೆಸರಲ್ಲ, ಖ್ವಾರಿಜ್ಮದವನು, ಅಂದರೆ ಅರಲ್ ಸಮುದ್ರದ ದಕ್ಷಿಣಕ್ಕಿರುವ ಆ ಸೀಮೆಯವನು, ಎಂದಷ್ಟೇ ಅದರ ಅರ್ಥ. ಅವನ ಸ್ವಂತ ಹೆಸರು ಮಹಮ್ಮದ್. ಬಾಗ್ದಾದಿನ ಪೇಟೆಯಲ್ಲಿ ಆ ಹೆಸರಿನವರು ಎಷ್ಟು ಸಾವಿರವೋ! ಗುರುತು ಹಿಡಿಯಲು ಊರು ಬೇಕಾಯಿತು.

ನಾನು ತಲೆ ತಗ್ಗಿಸಿ ಬರೆದುಕೊಂಡೆ. ಜೇವರ್ಗಿಯವನು ಹಿಂದಿನಿಂದ ನನ್ನ ಬೆನ್ನು ತಿವಿದು, "ನಮ್ಮಂಗೇ ಅದ ನೋಡು" ಎಂದ.

ಇಲ್ಲಿ ನಮ್ಮ ಮುತ್ಯಾನ ಸಂಗತಿ ಹೇಳಬೇಕು. ಆಗ ಅವರಿಗೆ ಎಂಬತ್ತಮೂರು. ಹಿರೋಳ್ಳಿಯ ಮನೆಯನ್ನು ಬಿಟ್ಟು ಬೇರೆಡೆ ಸಂಸಾರ ಮಾಡಿದವರಲ್ಲ. ಆದರೂ ಅವರ ಊರು ನಾಲ್ಕು ಸಲ ವಿಳಾಸ ಬದಲಾಯಿಸಿದೆ. ಹುಟ್ಟಿದಾಗ ಅದು ನಿಜಾಮರ ಸೀಮೆ. ಪಶ್ಚಿಮಕ್ಕೆ ನಡೆದರೆ ಸಿಗುವ ವಾಗ್ದರಿ ಅಕ್ಕಲಕೋಟೆಯ ಕಡೆಯದು. ಅಲ್ಲಿ ಬೇರೆ ರಾಜ, ಬೇರೆ ಕಾನೂನು. ರಜಾಕಾರರ ಹಾವಳಿಯ ದಿನಗಳಲ್ಲಿ ತಾಯಿಯ ಕೈ ಹಿಡಿದು ಕತ್ತಲಲ್ಲಿ ಆ ಕಡೆಗೆ ನಡೆದುಹೋದದ್ದು ಅವರಿಗೆ ನೆನಪಿದೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿದು ಊರು ಭಾರತದ ಹೈದರಾಬಾದ್ ರಾಜ್ಯದ್ದಾಯಿತು. 1956ರಲ್ಲಿ ಮೈಸೂರಿನದಾಯಿತು, 1973ರಲ್ಲಿ ಕರ್ನಾಟಕದ್ದಾಯಿತು. ಗಡಿ ಎಲ್ಲಿರಬೇಕೆಂದು ನೋಡಿದ ಮಹಾಜನ ಆಯೋಗವು 1967ರಲ್ಲಿ ಅಕ್ಕಲಕೋಟೆಯೂ ಇತ್ತ ಬರಬೇಕೆಂದು ಹೇಳಿತು, ಬರಲಿಲ್ಲ. ಹೈದರಾಬಾದ್ ಕರ್ನಾಟಕವೆಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಇಷ್ಟೆಲ್ಲ ಆಗುವಾಗ ಮುತ್ಯಾ ಅದೇ ಬಾವಿಯ ನೀರು ಸೇದುತ್ತಿದ್ದರು. ಶಾಲೆಯಲ್ಲಿ ಎರಡು ವರ್ಷ ಉರ್ದು ಅಕ್ಷರ ತಿದ್ದಿದವರು, ಮರಾಠಿ ಸಂತೆಯಲ್ಲಿ ಬಂತು, ಕನ್ನಡ ಮನೆಯದು. ಯಾರು ಕೇಳಿದರೂ, ಯಾವ ಭಾಷೆಯಲ್ಲಿ ಕೇಳಿದರೂ, ಅವರ ಉತ್ತರ ಒಂದೇ: "ಹಿರೋಳ್ಳಿ."

ಸೆಪ್ಟೆಂಬರಿನ ಒಂದು ಶುಕ್ರವಾರ ಅವರು ನನ್ನನ್ನು ನೋಡಲು ಹೊರಟು ಬಂದರು. ಮುಂಚೆ ತಿಳಿಸಲಿಲ್ಲ. ತಿಳಿಸಿ ಬರುವುದು ಸರ್ಕಾರಿ ಸಾಹೇಬರ ಕ್ರಮ, ಮೊಮ್ಮಗನ ಬಳಿಗೆ ಏಕೆ, ಎಂಬುದು ಅವರ ವಾದ. ಹೆಗಲ ಮೇಲೆ ಗಂಟು. ಅದರಲ್ಲಿ ಕಟಿರೊಟ್ಟಿ, ಶೇಂಗಾ ಹಿಂಡಿ, ಅವ್ವ ಕಟ್ಟಿದ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಒಂದು ಸಣ್ಣ ಡಬ್ಬಿಯಲ್ಲಿ ತುಪ್ಪ. ಕಿಸೆಯ ಗುಂಡಿಮೊಬೈಲಿನಲ್ಲಿ ನನ್ನ ನಂಬರು ಇತ್ತು. ಆದರೆ ಅಂದು ಎರಡು ಗಂಟೆಯಿಂದ ಐದರವರೆಗೆ ನಮಗೆ ಪ್ರಯೋಗಶಾಲೆ. ನನ್ನ ಮೊಬೈಲನ್ನು ನಾನೇ ಬಂದ್ ಮಾಡಿ ಚೀಲದಲ್ಲಿ ಇಟ್ಟಿದ್ದೆ.

ಆ ದಿನದ ಅಭ್ಯಾಸವೂ ಒಂದು ತಮಾಷೆಯದೇ. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಹೆಸರನ್ನು ತಮ್ಮ ಲಿಪಿಯಲ್ಲೇ ಗಣಕಕ್ಕೆ ಕೊಟ್ಟು, ಅದು ಅದರಲ್ಲಿ ಎಷ್ಟು ಅಕ್ಷರ ಎಣಿಸುತ್ತದೆಂದು ನೋಡಬೇಕು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿಕೊಟ್ಟಿರುವ ಏರ್ಪಾಟಿಗೆ ಯೂನಿಕೋಡ್ ಎಂದು ಹೆಸರು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ನೂರಿಪ್ಪತ್ತೆಂಟು ಮನೆಗಳ ಒಂದು ಓಣಿ. ಕೆಲವು ಮನೆಗಳು ಇನ್ನೂ ಖಾಲಿ. ನಮ್ಮ ಓಣಿಯ ಹಿಂದಿನದು ತೆಲುಗಿನದು, ಮುಂದಿನದು ಮಲಯಾಳದ್ದು. ಕೊಲ್ಲಂನವನೂ ವರಂಗಲ್ಲಿನವರೂ ಇದನ್ನು ಕಂಡು ನನ್ನ ಕೈಕುಲುಕಿದರು: ನಾವು ನೆರೆಯವರಂತೆ!

ನಾನು ಏನು ಬರೆಯಬೇಕು? ಯಾರೂ ನನ್ನ ಪರದೆಯನ್ನು ನೋಡುತ್ತಿರಲಿಲ್ಲ. ಹಿರೋಳ್ಳಿ ಎಂದು ಒತ್ತಿದೆ. ಕಣ್ಣಿಗೆ ಅದು ಮೂರೇ ಅಕ್ಷರ. ಗಣಕ ಎಂಟು ಎಂದಿತು. ಹಕಾರ 3257, ಅದರ ಗುಡಿಸು 3263, ರಕಾರ 3248, ಅದರ ಓಕಾರ 3275. ಆಮೇಲೆ ಳಕಾರ 3251, ಅದನ್ನು ಅರ್ಧಮಾಡುವ ಚಿಹ್ನೆ 3277, ಮತ್ತೆ ಳಕಾರ, ಮತ್ತೆ ಗುಡಿಸು. ಬಹಳ ಹೊತ್ತು ಆ ಎಂಟು ಸಂಖ್ಯೆಗಳನ್ನೇ ನೋಡುತ್ತ ಕುಳಿತೆ. ಇಡೀ ಕ್ಯಾಂಪಸ್ಸಿನಲ್ಲಿ ನನ್ನ ಊರನ್ನು ಸರಿಯಾಗಿ ಕೇಳಿಸಿಕೊಂಡದ್ದು ಆ ಯಂತ್ರವೊಂದೇ.

ಅದೇ ಹೊತ್ತಿನಲ್ಲಿ ಮುತ್ಯಾ ಹೊರಗೆ ಸುತ್ತುತ್ತಿದ್ದರು. ಗೇಟಿನ ಕಾವಲುಗಾರನಿಗೆ "ನಮ್ಮ ಹುಡುಗ ಇಲ್ಲಿ ಓದ್ಲತ್ತಾನ, ಹಿರೋಳ್ಳಿ ಶರಣಪ್ಪ" ಎಂದಿದ್ದಾರೆ. ಶರಣಪ್ಪನೋ ಶರಣಬಸಪ್ಪನೋ, ಆ ಹೆಸರಿನವರು ಇಲ್ಲಿ ಬಹಳ ಮಂದಿ ಇದ್ದಾರೆ, ಯಾವ ವಿಭಾಗ, ಎಂದು ಅವನು ಕೇಳಿದ. ವಿಭಾಗ ಮುತ್ಯಾಗೆ ತಿಳಿಯದು. ಅವರಿಗೆ ತಿಳಿದದ್ದು ಊರು. ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ನಡೆದರು. ಸಿಕ್ಕ ಹುಡುಗರನ್ನೆಲ್ಲ ಕೇಳಿದರು. ನಮ್ಮ ವಿಭಾಗದ ಮುಂದೆಯೂ ಬಂದಿದ್ದರು. ಅಲ್ಲಿದ್ದ ಹುಡುಗನೊಬ್ಬ, "ಇಲ್ಲಿ ಇಬ್ಬರು ಶರಣಬಸಪ್ಪ ಇದ್ದಾರ್ರಿ ಅಜ್ಜಾರ, ಒಬ್ಬ ಜೇವರ್ಗಿ, ಒಬ್ಬ ಕಲಬುರ್ಗಿ. ಹಿರೋಳ್ಳಿದವ್ರು ಯಾರೂ ಇಲ್ಲ" ಎಂದು ಸ್ಪಷ್ಟವಾಗಿ ಹೇಳಿದನಂತೆ. ಮುತ್ಯಾ "ಅವರಿಬ್ಬರೂ ನಮ್ಮವ್ರಲ್ಲ ಬಿಡಪಾ" ಎಂದು ಮುಂದೆ ಹೋದರಂತೆ.

ಮಾಹಿತಿಯನ್ನು ಪಟ್ಟಿಮಾಡಿ ಇಟ್ಟು ಬೇಕಾದಾಗ ಹುಡುಕಿ ತೆಗೆಯುವುದು ನಮ್ಮ ಶಾಸ್ತ್ರದ ದೊಡ್ಡ ಭಾಗ. ಹುಡುಕುವವನು ಯಾವ ಗುರುತಿನಿಂದ ಬರುತ್ತಾನೋ ಆ ಗುರುತು ಪಟ್ಟಿಯಲ್ಲಿ ಇಲ್ಲದಿದ್ದರೆ, ವಸ್ತು ಅಲ್ಲೇ ಇದ್ದರೂ 'ಸಿಗಲಿಲ್ಲ' ಎಂಬ ಉತ್ತರವೇ ಬರುತ್ತದೆ. ಯಂತ್ರದ್ದು ತಪ್ಪಲ್ಲ. ಉತ್ತರ ಕೊಟ್ಟ ಆ ಹುಡುಗನದೂ ತಪ್ಪಲ್ಲ.

ಐದು ಗಂಟೆಗೆ ಹೊರಗೆ ಬಂದಾಗ ಜೇವರ್ಗಿಯವನು ನಗುತ್ತ, "ಯಾರೋ ಹಿರಿಯರು ಮಧ್ಯಾಹ್ನದಿಂದ ಹಿರೋಳ್ಳಿ ಹುಡುಗನ್ನ ಹುಡುಕ್ಲತ್ತಾರ. ಪಾಪ, ಕಾಲೇಜು ತಪ್ಪಿ ಬಂದಾರ ಕಾಣ್ತದ" ಎಂದ. ನನ್ನ ಕಾಲು ನೆಲಕ್ಕೆ ಹತ್ತಿದವು. ಆಮೇಲೆ ಓಡಿದೆ.

ಅವರು ಗೇಟಿನ ಬಳಿ ಬೇವಿನ ಗಿಡದ ಕೆಳಗೆ ಕುಳಿತಿದ್ದರು. ಗಂಟು ತೊಡೆಯ ಮೇಲಿತ್ತು. ರುಮಾಲು ತೆಗೆದು ಪಕ್ಕಕ್ಕಿಟ್ಟಿದ್ದರು. ಮುತ್ಯಾ ಬಯಲಲ್ಲಿ ರುಮಾಲು ತೆಗೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನನ್ನು ಕಂಡು ಏಳಲು ಹೋದರು.

"ಯಾವಾಗ ಬಂದಿ ಮುತ್ಯಾ?"

"ಬಂದು ಬಾಳೊತ್ತಾತು. ನೀ ಇಲ್ಲಿ ಇಲ್ಲಂದ್ರು."

ನಾನು ಸುಮ್ಮನೆ ನಿಂತೆ.

"ನೀ ಇಲ್ಲಿ ಓದ್ಲತ್ತೀನಂತ ಸುಳ್ಳು ಹೇಳಿ ಎಲ್ಲೋ ಹೋಗೀದಿ ಅಂತ ನಂಗ ಚಿಂತಿ ಆಗಿತ್ತು. ಮನಿಗಿ ಹೋಗಿ ನಿಮ್ಮವ್ವಗ ಏನ್ ಹೇಳ್ಬೇಕು ಅಂತ ಕುಂತಿದ್ದೆ." ಸ್ವಲ್ಪ ತಡೆದು, "ಯಾಕೋ, ನಮ್ಮೂರು ಇಲ್ಲಿ ಯಾರಿಗೂ ಗೊತ್ತಿಲ್ಲೇನು?" ಎಂದರು.

"ಊರು ಸಣ್ಣದು ಮುತ್ಯಾ," ಎಂದೆ.

"ಸಣ್ಣದಾದ್ರ? ಹೇಳಿದ್ರ ಗೊತ್ತಾಗ್ತದಲ್ಲ," ಎಂದರು. ಕೋಪದಿಂದ ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅರ್ಥವಾಗಿದ್ದರೆ ಬೈಯುತ್ತಿದ್ದರು, ನನಗೂ ಅಷ್ಟು ಹಗುರಾಗುತ್ತಿತ್ತು.

ಅಷ್ಟರಲ್ಲಿ ಜೇವರ್ಗಿಯವನೂ ಕೊಲ್ಲಂ, ದರ್ಭಂಗಾದವರೂ ನನ್ನ ಹಿಂದೆಯೇ ಬಂದು ನಿಂತಿದ್ದರು. ಜೇವರ್ಗಿ ಒಮ್ಮೆ ಮುತ್ಯಾನನ್ನೂ ಒಮ್ಮೆ ನನ್ನನ್ನೂ ನೋಡಿದ. ಸೂಪರ್ ಮಾರ್ಕೆಟ್ಟಿನ ಮಾತು ಎತ್ತಲಿಲ್ಲ. ಈ ಉಪಕಾರವನ್ನು ನಾನು ಮರೆಯುವುದಿಲ್ಲ. ಬಗ್ಗಿ ಮುತ್ಯಾನ ಕಾಲು ಮುಟ್ಟಿದ.

ಮುತ್ಯಾ ಗಂಟು ಬಿಚ್ಚಿದರು. ಮೊದಲು ಹೊಟ್ಟೆ, ಆಮೇಲೆ ಮಾತು. ದರ್ಭಂಗಾದವನನ್ನು ಹತ್ತಿರ ಕರೆದು "ತುಮಾರಾ ಗಾಂವ್ ಕೌನ್ಸಾ ಬೇಟಾ?" ಎಂದರು. ಅವನ ಮುಖ ಅರಳಿತು. ಬಂದು ಎರಡು ತಿಂಗಳಾಗಿದ್ದರೂ ಅವನನ್ನು ಯಾರೂ ಅವನ ಊರಿನ ಬಗೆಗೆ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಮುತ್ಯಾ ಎರಡನೆಯದನ್ನೂ ಕೇಳಿದರು, ಹತ್ತನೆಯದನ್ನೂ ಕೇಳಿದರು: ಏನು ಬೆಳೆಯುತ್ತೀರಿ, ಹೊಳೆ ಎಷ್ಟು ದೂರ, ಎತ್ತಿನ ಬೆಲೆ ಎಷ್ಟು. ಎಂಟು ವಾರ ಇಂಗ್ಲಿಷಿನಲ್ಲಿ ತಡವರಿಸುತ್ತ ನಾನು ತಿಳಿಯದೆ ಹೋದದ್ದನ್ನೆಲ್ಲ ಅವರು ತಮ್ಮ ದಖನಿ ಮಾತಿನಲ್ಲಿ ಅರ್ಧ ಗಂಟೆಯೊಳಗೆ ತಿಳಿದುಕೊಂಡರು. ಕೊಲ್ಲಂನವನಿಗೆ ಹಿಂದಿ ಅಷ್ಟಕ್ಕಷ್ಟೆ. ಅವನಿಗೆ ಒಂದು ಸಜ್ಜೆರೊಟ್ಟಿ ಹೆಚ್ಚಿಗೆ ಕೊಟ್ಟರು.

ಆಮೇಲೆ ಅವರು ನನ್ನ ಪರಿಚಯ ಮಾಡಿಕೊಟ್ಟರು. ನನ್ನ ಸಹಪಾಠಿಗಳಿಗೆ, ನನ್ನೆದುರೇ! ಇವನು ಇಂಥವನ ಮಗ, ಅವನು ನನ್ನ ಮಗ, ನಾನು ಇಂಥವನ ಮಗ, ನಮ್ಮಪ್ಪ ಬರದ ವರ್ಷ ಊರ ಬಾವಿ ತೋಡಿಸಿದವನು. ಊರು ಹಿರೋಳ್ಳಿ, ಆಳಂದದಿಂದ ವಾಗ್ದರಿಯ ದಾರಿಯಲ್ಲಿ, ಗಡಿಗೆ ಹತ್ತಿ. ದರ್ಭಂಗಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೊಲ್ಲಂಗೆ ಹೇಳಿದ. ಈ ಕಡಗಂಚಿಗೆ ಇದೇನೂ ಹೊಸದಲ್ಲ. ಗಾಣಗಾಪುರದ ಯಾತ್ರಿಕರು ಇಂದಿಗೂ ಓದುವ ಮರಾಠಿ 'ಗುರುಚರಿತ್ರೆ'ಯನ್ನು ಬರೆದ ಸರಸ್ವತಿ ಗಂಗಾಧರ ಕಡಗಂಚಿಯ ಸಾಯಂದೇವನ ವಂಶದವನು. ಅವನೂ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲೇ ತನ್ನ ಗೋತ್ರವೇನು, ತಾನು ಯಾರ ಮಗ, ಅವನು ಯಾರ ಮಗ ಎಂದು ಹೇಳಿಕೊಂಡು, ಮರಾಠಿ ತನಗೆ ಚೆನ್ನಾಗಿ ಬಾರದೆಂದೂ ಸೇರಿಸಿ, ಆಮೇಲೆ ಕಥೆಗೆ ಕೈಹಾಕುತ್ತಾನೆ. ಭಾಷೆ ಬಾರದೆಂಬ ಸಂಕೋಚ ಅವನಿಗೂ ಇತ್ತು. ಊರು ಮನೆತನ ಮುಚ್ಚಿಡುವ ಬುದ್ಧಿ ಇರಲಿಲ್ಲ.

ಕೊನೆಯ ಬಸ್ಸಿಗೆ ಮುತ್ಯಾನನ್ನು ಹತ್ತಿಸಿದೆವು. ಖಾಲಿ ಗಂಟಿನ ಅರಿವೆಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡರು. ಹಾಸ್ಟೆಲಿಗೆ ಹಿಂತಿರುಗುವಾಗ ಜೇವರ್ಗಿ ಒಂದೇ ಮಾತು ಆಡಿದ: "ಏ ಹಿರೋಳ್ಳಿ, ಹಿಂಡಿ ಭಾರಿ ಇತ್ತಪಾ." ಆವತ್ತಿನಿಂದ ಅದೇ ನನ್ನ ಹೆಸರು.

ಮರುವಾರ ಹೊಸ ಅಧ್ಯಾಪಕರೊಬ್ಬರು ಬಂದರು. ಮತ್ತೆ ಎಲ್ಲರೂ ಎದ್ದು ಪರಿಚಯ ಹೇಳಬೇಕಾಯಿತು. "ಶರಣಬಸಪ್ಪ, ಹಿರೋಳ್ಳಿ" ಎಂದೆ. ಅವರಿಗೆ ಸರಿಯಾಗಿ ಕೇಳಿಸದೆ "ಹಿರೋಲಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕೊಲ್ಲಂ, "ನೋ ಸರ್, ಳ್ಳಿ, ಳ್ಳಿ" ಎಂದು ಎರಡು ಸಲ ತಿದ್ದಿದ. ಮಲಯಾಳದವರಿಗೆ ಆ ಅಕ್ಷರ ಕನ್ನಡಿಗರಷ್ಟೇ ಸಲೀಸು. ನಕ್ಷೆಯ ಹುಡುಗ ತನ್ನ ಮೊಬೈಲು ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಹುಡುಕಿ, ಸಿಕ್ಕ ಕೂಡಲೇ ನನಗೆ ತೋರಿಸಿದ.

ಅಂದು ರಾತ್ರಿ ಮುತ್ಯಾನ ಫೋನು ಬಂತು. ನನ್ನ ಓದನ್ನು ಕುರಿತು ಏನೂ ಕೇಳಲಿಲ್ಲ. "ಆ ದರ್ಭಂಗಾದ ಹುಡುಗ್ಗ ಹಿಂಡಿ ಬಾಳ ಖಾರ ಹತ್ತಿತ್ತು, ಕಣ್ಣಾಗ ನೀರು ಬಂದಿತ್ತು. ಹೊಟ್ಟಿ ಚಂದ ಅದನೇನು?" ಎಂದರು.